ಭಾವ ಸ್ಟಾರ್ಟ್ ಮಾಡಿಕೊಡುವ ಕಾರು

ಭಾವನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇದ್ದರೂ ಇರಬಹುದು, ಆದರೆ ಅದು ಇನ್ನೂ ಭಾವನ ಗಮನಕ್ಕೆ ಬಂದಿರಲಿಲ್ಲ. ನಲ್ಲಿ ಸೋರಿದರೆ ಪ್ಲಂಬರ್‌ಗೆ ಪಾಠ, ಹಲ್ಲು ನೋವಾದರೆ ಹಲ್ಲಿನ ಡಾಕ್ಟರಿಗೆ ಪಾಠ. ಕಾರಿನ ಮಾತು ಬಂತೆಂದರೆ ಕೇಳುವವರು ಚಾಪೆ ಹಾಸಿಕೊಂಡೇ ಕೂರಬೇಕು.

ಭಾವನ ಹೆಂಡತಿಯ ತಂಗಿ ಅದೇ ಮನೆಯ ಮಹಡಿಯ ಕೋಣೆಯಲ್ಲಿದ್ದಳು. ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ಕೆಲಸ. ಇನ್ನೊಬ್ಬರ ಮನೆಯಲ್ಲಿ ಇರುವವಳು ಬಾಯಿಗಿಂತ ಕಣ್ಣನ್ನೇ ಹೆಚ್ಚು ಬಳಸಬೇಕು ಎಂಬುದನ್ನು ಅವಳು ಬಂದ ವಾರದಲ್ಲೇ ಕಲಿತಿದ್ದಳು. ಕಂಡದ್ದನ್ನೆಲ್ಲ ನುಂಗುತ್ತಿದ್ದಳು. ಅಕ್ಕನೂ ನುಂಗುತ್ತಾಳಲ್ಲ ಎನ್ನುವುದು ಮಾತ್ರ ಅವಳಿಗೆ ನುಂಗಲಾಗದ ತುತ್ತು.

ಆ ಮನೆಯಲ್ಲಿ ಕಾರು ಸ್ಟಾರ್ಟ್ ಮಾಡುವ ಹಕ್ಕು ಭಾವನದು. ಅಕ್ಕ ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸೆನ್ಸ್ ತಂದಿದ್ದಳು, ನಿಜ. ಆದರೆ ಭಾನುವಾರ ಸಂಜೆ ಮೈದಾನದಲ್ಲಿ ಭಾವನೇ ಕೀಲಿ ತಿರುಗಿಸಿ, ಎಂಜಿನ್ ಗುರುಗುಟ್ಟುವಂತೆ ಮಾಡಿ, ಆಸ್ತಿ ದಾನ ಕೊಡುವವನ ಮುಖದಲ್ಲಿ ಕೆಳಗಿಳಿದು, "ಹೂಂ, ತಗೋ" ಎನ್ನುತ್ತಿದ್ದ. ಅಕ್ಕ ಒಂದೆರಡು ಸುತ್ತು ಹೊಡೆಯುತ್ತಿದ್ದಳು. ನಡುವೆ ಎಂಜಿನ್ ನಿಂತರೆ ಮತ್ತೆ ಭಾವನೇ ಬಂದು ಕೂರಬೇಕು. ಸೀಟನ್ನಂತೂ ಯಾರೂ ಮುಟ್ಟುವಂತಿಲ್ಲ. "ನನ್ನ ಬೆನ್ನಿನ ಅಳತೆಗೆ ಹೊಂದಿಸಿದ್ದು. ಒಂದು ಹಲ್ಲು ಆಚೀಚೆ ಆದ್ರೂ ವಾರ ನೋಯುತ್ತೆ" ಎಂದು ಅವನು ಅದನ್ನು ಹಿಂದಕ್ಕೆ ಕೊನೆಯ ಹಲ್ಲಿಗೆ ತಳ್ಳಿ, ಸೀಟು ಜಾರುವ ಕಂಬಿಯ ಮೇಲೆ ಕೆಂಪು ಟೇಪಿನ ಗುರುತು ಬೇರೆ ಅಂಟಿಸಿದ್ದ. ಭಾವ ಬಿದಿರಿನ ಗಳದಷ್ಟು ಉದ್ದ. ಅಕ್ಕ ಅವನ ಭುಜಕ್ಕೂ ಬರುವುದಿಲ್ಲ.

ಆ ದಿನ ಅಕ್ಕನಿಗೆ ಹೊಸ ಕೆಲಸ. ಪಕ್ಕದ ಊರಿನ ಶಾಲೆಯಲ್ಲಿ ಟೀಚರ್. ಮದುವೆಯಾದ ಮೇಲೆ ಮೊದಲ ಸಲ. ಬಸ್ಸು ಶಾಲೆಯ ಗಂಟೆ ಹೊಡೆದ ಮೇಲೆ ತಲುಪುತ್ತದೆ, ಆದ್ದರಿಂದ ಕಾರೇ ಗತಿ. "ಮೊದಲ ಗಂಟೆಗೆ ಇಲ್ಲಿರಬೇಕು, ಇಲ್ಲಾಂದ್ರೆ ಇನ್ನೊಬ್ಬರು ಕಾಯ್ತಿದ್ದಾರೆ" ಎಂದು ಹೆಡ್‌ಮಿಸ್ಟ್ರೆಸ್ ಫೋನಿನಲ್ಲೇ ಹೇಳಿಬಿಟ್ಟಿದ್ದರು.

ಭಾವ ಕಾರನ್ನು ಗೇಟಿನ ಬಳಿ ತಂದು, ಆಫ್ ಮಾಡಿ, ಕೀಲಿ ಕೊಟ್ಟ. "ಇವತ್ತು ನೀನೇ ಮಾಡು. ಬೆನ್ನು ಸೀಟಿಗೆ ತಾಗಿಸಿ ನೆಟ್ಟಗೆ ಕೂತ್ಕೋ."

ಅಕ್ಕ ಕೂತಳು. ಕೀಲಿ ತಿರುಗಿಸಿದಳು. ಏನೂ ಇಲ್ಲ. ಟಿಕ್ ಎನ್ನುವ ಸದ್ದೂ ಇಲ್ಲ. ಮತ್ತೆ ತಿರುಗಿಸಿದಳು. ಕಲ್ಲಿಗೆ ಕಚಗುಳಿ ಇಟ್ಟ ಹಾಗೆ.

"ಏಳು ಏಳು" ಎಂದು ಭಾವ ಕೂತ. ಕಾರು ಸಾಕಿದ ನಾಯಿಯ ಹಾಗೆ ಒಂದೇ ಕರೆಗೆ ಎದ್ದಿತು. ಆಫ್ ಮಾಡಿ ಇಳಿದ. ಅಕ್ಕ ಕೂತಳು. ಮೌನ.

"ಕುಣಿಯೋಕೆ ಬಾರದವಳಿಗೆ ನೆಲ ಡೊಂಕು ಅಂತ ಸುಮ್ನೆ ಹೇಳಿಲ್ಲ" ಎಂದ ಭಾವ. ಮುಖದಲ್ಲಿ ಬೇಸರವಿರಲಿಲ್ಲ, ಊಟವಾದ ಮೇಲಿನ ತೃಪ್ತಿಯಿತ್ತು. "ಆದ್ರೂ ನಿಂದೇ ತಪ್ಪು ಅನ್ನಲ್ಲ. ಸ್ಟಾರ್ಟರ್ ಮೋಟರ್ ವೀಕ್ ಆಗಿದೆ. ಪಳಗಿದ ಕೈಗೆ ಮಾತ್ರ ಏಳುತ್ತೆ."

ಮೂಲೆಯ ಗ್ಯಾರೇಜಿನ ಮೆಕ್ಯಾನಿಕ್‌ಗೆ ಫೋನಾಯಿತು. ಅವನು ಸ್ಪ್ಯಾನರ್ ಹಿಡಿದು, ಕಣ್ಣುಜ್ಜಿಕೊಳ್ಳುತ್ತ ಬಂದ. ಭಾವನ ಹಳೆಯ ಗಿರಾಕಿತನದಲ್ಲಿ ಅವನು ಕಲಿತದ್ದು ಒಂದೇ ಮಾತು.

"ಮೋಟರ್ ಹೋಗಿದೆ" ಎಂದ ಭಾವ.

"ಹೌದು ಸಾರ್."

"ಬ್ಯಾಟರಿನೂ ಇರಬಹುದು."

"ಇರಬಹುದು ಸಾರ್."

"ಹೋದ ತಿಂಗಳು ಹೊಸದು ಹಾಕ್ದೆ ನೀನು."

"ಹಾಗಾದ್ರೆ ಅದಲ್ಲ ಸಾರ್."

ಇಂಥ ಇಬ್ಬರು ಸೇರಿದರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ತಪ್ಪಿದ್ದಲ್ಲ. ಮೆಕ್ಯಾನಿಕ್ ಬಾನೆಟ್ ಎತ್ತಿ, ಬ್ಯಾಟರಿಯ ಟರ್ಮಿನಲ್ ತಿರುಚಿ, ಬಗ್ಗಿ ಮೋಟರಿನ ನೆತ್ತಿಗೆ ಸ್ಪ್ಯಾನರಿನಿಂದ ಎರಡೇಟು ಕೊಟ್ಟ. ಭಾವ ಕೂತು ತಿರುಗಿಸಿದ. ಎದ್ದಿತು. "ನೋಡು!" ಎಂದು ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡರು. ಅಕ್ಕ ಕೂತಳು. ಮೌನ.

ಭಾವ ಗಡಿಯಾರ ನೋಡಿದ. "ನಾನು ಸ್ಟಾರ್ಟ್ ಮಾಡಿ ಕಳಿಸಬಹುದು. ದಾರೀಲಿ ನಿಂತ್ರೆ? ಸಂಜೆ ಅಲ್ಲಿ ಯಾರು ಮಾಡ್ಕೊಡ್ತಾರೆ? ಫೋನ್ ಮಾಡಿ ಬರಲ್ಲ ಅಂದ್ಬಿಡು. ಮನೇಲೇನು ನಿನಗೆ ಕಮ್ಮಿಯಾಗಿದೆ?"

ಅಕ್ಕ ಸ್ಟೀರಿಂಗಿನಿಂದ ಕೈ ತೆಗೆದಳು. ಆಮೇಲೆ ಮಡಿಲಿನ ಬ್ಯಾಗಿನಿಂದ ಫೋನನ್ನು ತೆಗೆದಳು.

ತಂಗಿಗೆ ಮೈ ಉರಿಯಿತು. ಭಾವನ ಮೇಲಲ್ಲ. ಅವನನ್ನು ನೋಡಿ ಉರಿದುಕೊಳ್ಳುವುದು ನೊಣದ ಮೇಲೆ ಮುನಿಸಿಕೊಂಡಂತೆ. ಡಿಗ್ರಿ ಪಡೆದವಳು, ನಲವತ್ತು ಮಕ್ಕಳ ತರಗತಿಯನ್ನು ಗದರಿಸಿ ಕೂರಿಸಬಲ್ಲವಳು, ಒಂದು ಕೀಲಿ ತಿರುಗಲಿಲ್ಲವೆಂದು ಅದೃಷ್ಟವನ್ನೇ ಮಡಿಸಿಡಲು ಹೊರಟಿದ್ದಳಲ್ಲ, ಆ ಅಕ್ಕನ ಮೇಲೆ. ಮತ್ತೆ, ಬಾಗಿಲ ಬಳಿ ನಿಂತು ಎಲ್ಲವನ್ನೂ ನೋಡಿಯೂ ಬಾಯಿ ಹೊಲಿದುಕೊಂಡಿರುವ ತನ್ನ ಮೇಲೆ. ಏಕೆಂದರೆ ಅವಳು ಒಂದನ್ನು ಕಂಡಿದ್ದಳು.

ಕಾರಿನ ಬಾಗಿಲು ತೆರೆದೇ ಇತ್ತು, ಒಳಗಿನ ಸಣ್ಣ ದೀಪ ಉರಿಯುತ್ತಿತ್ತು. ಭಾವ ತಿರುಗಿಸಿದಾಗಲೆಲ್ಲ ದೀಪ ಒಂದು ಕ್ಷಣ ಕುಗ್ಗುತ್ತಿತ್ತು. ಮೋಟರು ಕರೆಂಟು ಎಳೆಯುವಾಗ ಹಾಗೇ ಆಗಬೇಕು. ಅಕ್ಕ ತಿರುಗಿಸಿದಾಗ ಅದು ರೆಪ್ಪೆಯನ್ನೂ ಮಿಟುಕಿಸುತ್ತಿರಲಿಲ್ಲ. ಬ್ಯಾಟರಿ ಸೋತಿದ್ದರೆ ದೀಪ ಮಂಕಾಗಬೇಕಿತ್ತು, ಟಿಕ್ ಟಿಕ್ ಅನ್ನಬೇಕಿತ್ತು. ಅಂದರೆ ಕರೆಂಟು ಮೋಟರಿನವರೆಗೆ ಹೊರಟೇ ಇಲ್ಲ. ನಡುವೆ ಯಾವುದೋ ಸ್ವಿಚ್ಚು ಭಾವ ಕೂತರೆ ಆನ್ ಆಗುತ್ತದೆ, ಅಕ್ಕ ಕೂತರೆ ಆಗುವುದಿಲ್ಲ. ಇಬ್ಬರ ಕೈಯಲ್ಲಿ ಇರುವುದು ಅದೇ ಕೀಲಿ. ಹಾಗಾದರೆ ಕಾಲು?

ಅವಳು ಹೋಗಿ ಕಾರಿನ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತಳು. "ಅಕ್ಕ, ಫೋನ್ ಇಡು. ಇನ್ನೊಂದ್ಸಲ ತಿರುಗ್ಸು."

ಅಕ್ಕ ಕ್ಲಚ್ ಒತ್ತಿ ತಿರುಗಿಸಿದಳು. ಬೆನ್ನು ಸೀಟಿಗೆ ತಾಗಿತ್ತು, ಕಾಲು ನೆಟ್ಟಗೆ ಚಾಚಿ ಮುಗಿದಿತ್ತು, ಹೆಬ್ಬೆರಳು ಮಾತ್ರ ಪೆಡಲನ್ನು ತಳ್ಳುತ್ತಿತ್ತು. ಪೆಡಲ್ ಇನ್ನೂ ಕೆಳಗೆ ಹೋಗಲು ಜಾಗವಿತ್ತು.

"ಕ್ಲಚ್ ಪೂರ್ತಿ ಒತ್ತದಿದ್ರೆ ಸ್ಟಾರ್ಟ್ ಆಗದ ಹಾಗೆ ಅಲ್ಲೊಂದು ಸ್ವಿಚ್ ಇರುತ್ತಾ?" ಅವಳು ಮೆಕ್ಯಾನಿಕ್‌ನನ್ನು ಕೇಳಿದಳು.

"ಇರುತ್ತೆ ಮೇಡಂ. ಈ ಗಾಡೀಲಿ ಇದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವನು ಭಾವನ ಕಡೆ ನೋಡಿದ. "ಸಾರ್ ಅದನ್ನ ಕೇಳ್ಲಿಲ್ವಲ್ಲ."

"ನೀನು ಸುಮ್ನಿರಮ್ಮ" ಎಂದ ಭಾವ. "ಲ್ಯಾಬಲ್ಲಿ ವಯರ್ ಸುತ್ತೋದಕ್ಕೂ ಗಾಡಿಗೂ ವ್ಯತ್ಯಾಸ ಇದೆ. ಮೋಟರ್ ಬಿಚ್ಚೋ ನೀನು."

"ಸೀಟು ಮುಂದೆ ಎಳ್ಕೋ ಅಕ್ಕ" ಎಂದಳು ತಂಗಿ.

"ಸೀಟು ಮುಟ್ಟಬೇಡ!"

ಹೊಸ ಮೋಟರ್ ಹಾಕಿಸಲು ಸಿದ್ಧ, ಸೀಟು ಸರಿಸಲು ಸಿದ್ಧನಲ್ಲ. ತಂಗಿ ಅಕ್ಕನ ಮುಖವನ್ನು ನೋಡಿದಳು. ಅಕ್ಕ ಗಂಡನ ಮುಖವನ್ನು ನೋಡಿದಳು, ಬಹಳ ಹೊತ್ತು, ತರಗತಿಯಲ್ಲಿ ಸುಳ್ಳು ಹೇಳುವ ಹುಡುಗನನ್ನು ನೋಡುವ ಹಾಗೆ. ಆಮೇಲೆ ಬಗ್ಗಿ, ಸೀಟಿನ ಕೆಳಗಿನ ಸರಳನ್ನು ಎತ್ತಿದಳು. ಸೀಟು ಕಟಕಟನೆ ಕೆಂಪು ಟೇಪನ್ನು ದಾಟಿ ಮುಂದೆ ಬಂತು. ಕ್ಲಚ್ ತಳ ಮುಟ್ಟಿತು. ಒಳಗಿನ ದೀಪ ಕುಗ್ಗಿತು, ಎಂಜಿನ್ ಎದ್ದಿತು.

ಮೆಕ್ಯಾನಿಕ್ ಬಾನೆಟ್ ಮುಚ್ಚಿದ. "ಟರ್ಮಿನಲ್ ಟೈಟ್ ಮಾಡಿದ್ದು ಈಗ ಹಿಡೀತು ನೋಡಿ ಸಾರ್."

"ನಾನು ಹೇಳ್ಲಿಲ್ವಾ?" ಎಂದ ಭಾವ. ಆದರೆ ಕಣ್ಣು ಸೀಟಿನ ಮೇಲಿತ್ತು. ಗೇಟಿನ ನಡುವೆ ಹೋಗಿ ನಿಂತ. "ಸರಿ, ಎದ್ದಾಯ್ತಲ್ಲ. ಈಗ ಸೀಟು ಇದ್ದಲ್ಲಿಗೆ ಹಾಕಿ ಹೋಗು."

"ಹಾಕಿದ್ರೆ ಸಂಜೆ ಏಳಲ್ಲ ರೀ."

"ಅದಕ್ಕೇ ಹೇಳಿದ್ದು, ಹೋಗ್ಬೇಡ ಅಂತ!"

"ಗೇಟಿಂದ ಈಚೆ ಬನ್ನಿ" ಎಂದಳು ಅಕ್ಕ. ದನಿ ಏರಿಸಲಿಲ್ಲ. ಗೇರು ಹಾಕಿದಳು. ಕಾರು ಗೇಣುದ್ದ ಮುಂದೆ ಬಂತು. ಭಾವ ಒಂದು ಮಾರು ಪಕ್ಕಕ್ಕೆ ಹಾರಿದ. ಆ ಜಿಗಿತದಲ್ಲಿ ಬೆನ್ನು ನೋವಿನ ಸುಳಿವೂ ಇರಲಿಲ್ಲ.

ಕಾರು ರಸ್ತೆಯ ತಿರುವಿಗೆ ಹೋಗಿ, ಮುಗ್ಗರಿಸಿ, ನಿಂತುಬಿಟ್ಟಿತು. ಎಂಜಿನ್ ಆಫ್. ಹಿಂದೊಂದು ಆಟೋ ಹಾರನ್ ಬಡಿಯತೊಡಗಿತು.

ಭಾವನ ಮುಖ ಅರಳಿತು. "ಕಂಡ್ಯಾ? ನಾನು ಹೋಗ್ದೆ ನಡಿಯಲ್ಲ" ಎಂದು ಚಪ್ಪಲಿ ಸರಿಮಾಡಿಕೊಂಡು, ಕೈ ಬೀಸುತ್ತ ಹೊರಟ. ಗೇಟು ದಾಟುವಷ್ಟರಲ್ಲಿ ತಿರುವಿನಿಂದ ಸ್ಟಾರ್ಟರಿನ ಸದ್ದು ಕೇಳಿತು, ಗಟ್ಟಿಯಾಗಿ, ಒಂದೇ ಸಲಕ್ಕೆ. ಕಾರು ತಿರುಗಿ ಮರೆಯಾಯಿತು.

ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ಭಾವನಿಗೆ ತಿಳಿಯಲಿಲ್ಲ.