ಬಾವಿಯ ಆಚೆ ಬದಿ

ಗೋಡೆಯ ಗೂಟಗಳ ಮೇಲೆ ಕೋವಿ ಇರಲಿಲ್ಲ. ಜಯದೇವಪ್ಪ ಪೇಟ ಸುತ್ತುವುದನ್ನು ಅರ್ಧಕ್ಕೇ ಬಿಟ್ಟು ಕಿಟಕಿಯತ್ತ ತಿರುಗಿದ. ಹೊರಗೆ ತಮ್ಮ ಶಿವನಂಜಪ್ಪ ನೀರು ಸೇದುತ್ತಿದ್ದ. ಮನೆ, ತೆಂಗಿನ ತೋಟ ಎರಡೂ ಪಾಲಾಗಿದ್ದವು; ಬಾವಿಯನ್ನು ಮಾತ್ರ ಪಾಲು ಮಾಡುವುದು ಯಾರಿಂದಲೂ ಆಗಿರಲಿಲ್ಲ. ತಮ್ಮ ಎಂದಿನಂತೆ ಅಣ್ಣನ ಮನೆಗೆ ಬೆನ್ನು ಹಾಕಿ ನಿಂತಿದ್ದ. ಇವನದೇ ಕೆಲಸ ಎಂದುಕೊಂಡ ಜಯದೇವಪ್ಪ. ಸಂಶಯಪಡುವುದರಲ್ಲಿ ಅವನು ಯಾವತ್ತೂ ಜಿಪುಣತನ ಮಾಡಿದವನಲ್ಲ.

ಕೋವಿ ಕಾಣೆಯಾಗುವುದಕ್ಕೆ ಇದಕ್ಕಿಂತ ಕೆಟ್ಟ ದಿನ ಇರಲಿಲ್ಲ. ಅರವತ್ತೇಳರ ಚುನಾವಣೆ ಮುಗಿಯುವವರೆಗೆ ರೈತರು ಕೋವಿಗಳನ್ನು ಅರಸೀಕೆರೆ ಠಾಣೆಯಲ್ಲಿಡಬೇಕೆಂದು ಹುಕುಂ ಬಂದಿತ್ತು. ಕೊಡಬೇಡಿ ಎಂದು ಜಯದೇವಪ್ಪ ಊರೂರು ಸುತ್ತುತ್ತಿದ್ದ. ಮಹಾರಾಜರ ಕಾಲದಿಂದ ಬೆಳೆ ಕಾಯ್ದ ಕೋವಿ ರೈತನ ಮನೆಯಲ್ಲೇ ಇರಬೇಕೆಂದು ವರ್ಷಗಟ್ಟಲೆ ಕಚೇರಿಗಳಿಗೆ ಅಲೆದು, ಅವನಿಗೆ ‘ಕೋವಿ ಜಯದೇವಪ್ಪ’ ಎಂಬ ಹೆಸರೇ ನಿಂತಿತ್ತು. “ಇವತ್ತು ಕೋವಿ ಕೇಳೋರು ನಾಳೆ ಹೊಲ ಕೇಳ್ತಾರೆ” ಎಂದು ಅವನು ಕೋವಿ ಎತ್ತಿ ಹಿಡಿದರೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಇವತ್ತು ಹಾರನಹಳ್ಳಿಯಲ್ಲಿ ದೊಡ್ಡ ಸಭೆ. ಬರಿಗೈಯಲ್ಲಿ ಹೋದರೆ ಮರ್ಯಾದೆ ಮಣ್ಣುಪಾಲು.

ಬಾವಿಯ ಹತ್ತಿರಕ್ಕೆ ನುಗ್ಗಿದ. “ಏನ್ಲಾ ನಂಜ, ಕೋವಿ ಎಲ್ಲಿ ಮಡಗಿದ್ದೀಯ? ಪೊಲೀಸ್ನೋರು ಏನು ಆಸೆ ತೋರ್ಸುದ್ರು?”

“ನಿನ್ ಕೋವಿ ಕಟ್ಕೊಂಡು ನಂಗೇನಾಗ್ಬೇಕಣ್ಣ?” ಎಂದ ಶಿವನಂಜಪ್ಪ, ಹಗ್ಗ ಬಿಡದೆ. “ನಿನ್ ಹೊಸ್ಲು ತುಳಿದೇ ಯಾವ ಕಾಲ ಆಯ್ತು.”

“ಅವನ್ನ ಯಾಕಂತೀರಿ? ಕೊಟ್ಟಿದ್ದು ನಾನು.” ಹಿತ್ತಲ ಬಾಗಿಲಲ್ಲಿ ಹೆಂಡತಿ ರುದ್ರಮ್ಮ ನಿಂತಿದ್ದಳು. “ನೆನ್ನೆ ನೀವು ಹಳೇಬೀಡಿಗೆ ಭಾಷಣಕ್ಕೆ ಹೋದಾಗ ಗೋಣಿತಾಟಲ್ಲಿ ಸುತ್ಕೊಂಡು ಬಸ್ನಲ್ಲಿ ಒಯ್ದೆ. ಠಾಣೇಲಿ ಐತೆ.”

“ನನ್ ಮಾನ ತೆಗೆದ್ಯಲ್ಲೇ! ಜನಕ್ಕೆ ಯಾವ ಮೊಕ ತೋರ್ಸ್ಲಿ?”

“ಮೊನ್ನೆ ಇವನು ನೀರು ಸೇದೋವಾಗ ನೀವು ಬಾಗ್ಲ ಮರೇಲಿ ನಿಂತು ಕೋವಿ ಗುರಿ ಹಿಡಿದಿದ್ರಿ. ನಾನು ನೋಡ್ದೆ.”

“ಕೋತಿ ಕಣೇ. ತೆಂಗಿನ ಮರದಾಗೆ ಕೋತಿ ಇತ್ತು.”

“ಬಾವಿ ಹತ್ರ ಯಾವ ತೆಂಗಿನ ಮರ ಐತೆ?” ರುದ್ರಮ್ಮ ಬಾಗಿಲು ಬಿಟ್ಟು ಮುಂದೆ ಬಂದಳು. “ನಂಗೆ ಹೆದ್ರಿಕೆ ಆಯ್ತು ಕಣ್ರೀ. ನಿಮ್ ಮಾನ ಹೋದ್ರೆ ಹೋಗ್ಲಿ, ಅವನ ಜೀವ ಉಳೀಲಿ ಅಂತ ಕೊಟ್ಟೆ.”

ಹೊಡೆಯುವ ಮನಸ್ಸಿರಲಿಲ್ಲ ಎಂದು ಹೇಳಲು ಜಯದೇವಪ್ಪ ಬಾಯಿ ತೆರೆದ. ಆದರೆ ಆ ಮಾತನ್ನು ತಾನೇ ಪೂರ್ತಿ ನಂಬಲಾರದೆ ಹೋದ. ಜೀವನದಲ್ಲಿ ಮೊದಲ ಸಲ ಅವನಿಗೆ ತನ್ನ ಮೇಲೇ ಸಂಶಯ ಬಂದಿತ್ತು, ಅದು ಭಯ ಹುಟ್ಟಿಸಿತು.

ರಸ್ತೆಯಲ್ಲಿ ಸಭೆಯವರ ಜೀಪು ನಿಂತು ಹಾರನ್ ಹೊಡೆಯಿತು. “ಜಯದೇವಪ್ನೋರೇ, ಹೊತ್ತಾಯ್ತು. ಕೋವಿ ತಗೊಂಡು ಬನ್ನಿ!”

ಶಿವನಂಜಪ್ಪ ಅರ್ಧಕ್ಕೇ ನಿಂತಿದ್ದ ಬಿಂದಿಗೆಯನ್ನು ಮೇಲೆ ಸೇದಿ ನೀರನ್ನು ಕೊಡಕ್ಕೆ ಸುರಿದ. ಕೊಡ ಇನ್ನೂ ತುಂಬಿರಲಿಲ್ಲ. ಹಗ್ಗ ಹಿಡಿದು ಬಾವಿಯನ್ನು ಬಳಸಿ ಆಚೆ ಬದಿಗೆ ಹೋದ. ಅಲ್ಲಿ, ಅಣ್ಣನ ಬಾಗಿಲಿಗೆ ಮುಖಮಾಡಿ ನಿಂತು, ಮತ್ತೆ ಬಿಂದಿಗೆ ಇಳಿಬಿಟ್ಟ.