ಬೀಳದ ಹಾಲು

ಇಲ್ಯಾವು ತೀರಿಕೊಂಡು ವರ್ಷ ತುಂಬಿದ ದಿನ ಅವನ ಹೆಂಡತಿ ಬುರ್ಸಿ ಬೆಳಿಗ್ಗೆಯೇ ಓಷ್ ಮಾಡಿ ಇಳಿಸಿದ್ದಳು. ಅಕ್ಕಿ, ಕ್ಯಾರೆಟ್, ಕುರಿಮಾಂಸ ಒಂದೇ ಕಡಾಯಿಯಲ್ಲಿ ಬೆಂದ ಆ ಅನ್ನವಿಲ್ಲದೆ ಬುಖಾರಾದ ನಮ್ಮ ಯಹೂದಿ ಓಣಿಯಲ್ಲಿ ಯಾರ ವರ್ಷದ ಪ್ರಾರ್ಥನೆಯೂ ಮುಗಿಯುವುದಿಲ್ಲ. ಹಿಂದಿನ ದಿನ ಕುರಿಯನ್ನು ಶಾಸ್ತ್ರಪ್ರಕಾರ ಕೊಯ್ದುಕೊಟ್ಟವರು ನಿಸೋನ್. ಆ ಕೆಲಸ ಬಲ್ಲವರು ಊರಲ್ಲಿ ಈಗ ಅವರೊಬ್ಬರೇ. ಉಳಿದವರು ಇಸ್ರೇಲಿಗೋ ಅಮೆರಿಕಕ್ಕೋ ಹೋಗಿಯಾಗಿದೆ.

ಕೊತ್ತಂಬರಿ ತರಲು ಬಜಾರಿಗೆ ಹೋದಾಗ ಅವಳು ನಿಸೋನ್ ಅವರನ್ನು ಕಂಡಳು. ಮಾಂಸ ತುಂಬಿ ಸುಟ್ಟ ಸೋಮ್ಸಾ ಮಾರುವ ಅಂಗಡಿಯೊಳಗೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಮುಂದೆ ತಟ್ಟೆ. ಅವಳು ನೋಡುತ್ತಿದ್ದಂತೆ ಬೆರಳು ಒರೆಸಿಕೊಂಡರು. ಅದು ನಮ್ಮವರು ತಿನ್ನುವ ಅಂಗಡಿಯಲ್ಲ, ಅಲ್ಲಿನ ಮಾಂಸ ನಮ್ಮ ಶಾಸ್ತ್ರದಂತೆ ಕೊಯ್ದದ್ದೂ ಅಲ್ಲ. ಅಂಥದ್ದನ್ನು ತಿನ್ನುವವರ ಕೈಯಿಂದ ಕೊಯ್ದ ಕುರಿ ಕೋಷರ್, ಅಂದರೆ ನಾವು ತಿನ್ನಬಹುದಾದದ್ದು, ಅನ್ನಿಸಿಕೊಳ್ಳುವುದಿಲ್ಲ. ಹಾಗಾದರೆ ಮನೆಯ ಕಡಾಯಿಯಲ್ಲಿ ಇರುವುದು ಏನು?

ಮನೆಗೆ ಬಂದು ನಾದಿನಿ ತಮಾರೊಳಿಗೆ ಹೇಳಿದಳು. ಹೇಳಿದ ಕೂಡಲೇ ಹೇಳಬಾರದಿತ್ತು ಅನ್ನಿಸಿತು. ತಮಾರೊ ಮೂಲಂಗಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಅತ್ತಿಗೆಯನ್ನು ಅವಳು ಕರೆಯುವುದು ಯಂಗಾ ಎಂದೇ.

"ತಟ್ಟೇಲಿ ಏನಿತ್ತು ಯಂಗಾ, ನೋಡಿದ್ರಾ?"

"ಇಲ್ಲ."

"ಬಾಯಲ್ಲಿ?"

"ತಮಾರೊ!"

"ಮತ್ತೆ? ಹೋಗಿ ಬಾಯಿ ತೆರೆಸಿ ನೋಡ್ಬೇಕಿತ್ತು, ಕುದುರೆ ಕೊಳ್ಳೋರ ಥರ."

ಬರೀ ಚಹಾ ಕುಡಿದಿರಬಹುದು, ತಟ್ಟೆಯಲ್ಲಿದ್ದದ್ದು ಮನೆಯಿಂದ ಕಟ್ಟಿಕೊಂಡು ಹೋದ ರೊಟ್ಟಿಯೇ ಇರಬಹುದು ಎಂದೆಲ್ಲ ತಮಾರೊ ಹೇಳಿದಳು. ಸಂಶಯ ಬಂದಾಗ ಒಳ್ಳೆಯದನ್ನೇ ಊಹಿಸಬೇಕೆಂಬುದು ನಮ್ಮ ಧರ್ಮ. ಅದು ಬುರ್ಸಿಗೂ ಗೊತ್ತಿತ್ತು.

"ನನ್ನೊಬ್ಬಳ ಊಟ ಆಗಿದ್ರೆ ಊಹಿಸ್ತಿದ್ದೆ," ಎಂದಳು. "ಒಳ್ಳೇದು ಊಹಿಸೋಳು ನಾನು, ತಪ್ಪಾದ್ರೆ ತಿಂದೋರು ಊಟಕ್ಕೆ ಬಂದೋರು. ಅದೂ ನಿಮ್ಮಣ್ಣನ ಹೆಸರಲ್ಲಿ."

ನಿಸೋನ್ ಅವರನ್ನೇ ಕೇಳೋಣವೆಂದರೆ ಕೇಳುವುದೇ ಆರೋಪ ಹೊರಿಸಿದಂತೆ. ಮಾತು ಹೊರಬಿದ್ದರೆ ನಾಳೆಯಿಂದ ಅವರ ಕೈಯ ಕೋಳಿಯನ್ನೂ ಯಾರೂ ಮುಟ್ಟರು. ಬಡಿಸದಿದ್ದರೂ ಕಷ್ಟವೇ. ಮಾಂಸವಿಲ್ಲದ ವರ್ಷದೂಟ ಕಂಡರೆ ಕೊಯ್ದವರ ಮೇಲೇ ಎಲ್ಲರ ಕಣ್ಣು ಹೋಗುತ್ತದೆ. ಸಂಜೆಯವರೆಗೂ ಅವಳು ಕಡಾಯಿಯ ಮುಚ್ಚಳ ತೆಗೆಯುವುದು, ಮುಚ್ಚುವುದು ಮಾಡಿದಳು.

ಜನ ಬಂದರು. ನಿಸೋನ್ ಅವರೇ ಪ್ರಾರ್ಥನೆ ಹೇಳಿಸಿದರು. ಅವರ ದನಿ ಇಲ್ಯಾವುವಿನ ಹೆಸರು ಬಂದಲ್ಲಿ ಒಂದಿಷ್ಟು ನಡುಗಿತು. ಬೆಳ್ಳುಳ್ಳಿ ನೀರು ಹಾಕಿದ ಮೀನು ಖಾಲಿಯಾಯಿತು. ಆಮೇಲೆ ಏನೂ ಬರಲಿಲ್ಲ. ಅಡುಗೆಮನೆಯ ಪರಿಮಳ ಅಂಗಳದ ತುಂಬ ನಿಂತಿತ್ತು.

"ಬುರ್ಸಿ, ವಾಸನೆ ಕುಡಿಸಿ ಮನೆಗೆ ಕಳಿಸ್ತೀಯಾ?" ಎಂದು ಮುದುಕ ಪಿನ್ಹಾಸ್ ಕೇಳಿದ.

"ಕಡಾಯಿಗೆ ಹಾಲು ಬಿತ್ತು," ಎಂದಳು ಬುರ್ಸಿ.

ಹಾಲು ಬಿದ್ದ ಮಾಂಸವನ್ನು ನಾವು ತಿನ್ನುವಂತಿಲ್ಲ. ಅಡುಗೆ ಮಾಡಿದವಳಿಗೆ ಅದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ. ಆ ನಾಚಿಕೆ ತನಗೇ ಇರಲಿ ಎಂದುಕೊಂಡಿದ್ದಳು. ಆದರೆ ಇಂಥ ವಿಷಯಕ್ಕೆ ಊರಲ್ಲಿ ತೀರ್ಪು ಹೇಳುವವರೂ ನಿಸೋನ್ ಅವರೇ ಎಂಬುದು, ಅವರು ಎದ್ದು ಅಡುಗೆಮನೆಯ ಕಡೆ ನಡೆದಾಗಲೇ ಅವಳಿಗೆ ಹೊಳೆದದ್ದು.

ಅವರು ಮುಚ್ಚಳ ತೆಗೆದು ನೋಡಿ, "ಎಷ್ಟು ಬಿತ್ತು ಅಪಾ?" ಎಂದು ಅಕ್ಕನನ್ನು ಕೇಳುವಂತೆ ಕೇಳಿದರು.

ಒಂದು ಬಟ್ಟಲು ಅಂದುಬಿಟ್ಟರೆ ಮುಗಿಯುತ್ತಿತ್ತು. ಅಷ್ಟು ದೊಡ್ಡ ಸುಳ್ಳು ಅವಳ ಬಾಯಿಗೆ ಬರಲಿಲ್ಲ.

"ಒಂದು ಚಮಚ."

"ಅರವತ್ತರಲ್ಲಿ ಒಂದು ಪಾಲೂ ಇಲ್ಲ, ಅಷ್ಟು ಕಡಿಮೆ ಬಿದ್ರೆ ಶಾಸ್ತ್ರದಲ್ಲಿ ಲೆಕ್ಕಕ್ಕಿಲ್ಲ. ಬೇಕಂತ ಹಾಕಿದ್ದೂ ಅಲ್ವಲ್ಲ. ದೋಷ ಇಲ್ಲ, ಬಡಿಸಿ."

ಹೇಳುತ್ತಿದ್ದಂತೆ ಅವರ ಕಣ್ಣು ಎದುರಿನ ಹಲಗೆಯ ಮೇಲೆ ಹೋಯಿತು. ಹಾಲಿನ ಪಾತ್ರೆ ಅಲ್ಲಿ ಬೋರಲಾಗಿ, ಒಣಗಿ ಕೂತಿತ್ತು. ಅವರು ಅದನ್ನು ಗಮನಿಸಿದರೋ ಇಲ್ಲವೋ.

"ಇನ್ನೇನಾದ್ರೂ ಕೇಳೋದಿದ್ಯಾ ಅಪಾ?"

ಸೋಮ್ಸಾ ಅಂಗಡಿ ಅವಳ ನಾಲಿಗೆಯ ತುದಿಗೆ ಬಂತು. ಅವರ ಮುಖದಲ್ಲಿ ತಪ್ಪಿತಸ್ಥನ ಅಳುಕನ್ನು ಹುಡುಕಿದಳು. ಕಂಡದ್ದು ದಣಿವು ಮಾತ್ರ. ಅಳುಕು ದಣಿವಿನ ಹಾಗೇ ಕಾಣಬಹುದೇನೋ.

"ಇಲ್ಲ," ಎಂದಳು.

"ಹಾಗಾದ್ರೆ ಒಂದು ಕಡೆ ನಾನು ಹಿಡೀತೀನಿ. ಭಾರ ಇದೆ."

ಇಬ್ಬರೂ ಕಡಾಯಿ ಹೊತ್ತು ತಂದರು. ಎಲ್ಲರೂ ತಿಂದರು, ನಿಸೋನ್ ಅವರೂ ತಿಂದರು. ಬುರ್ಸಿ ಅವರ ಪ್ರತಿ ತುತ್ತನ್ನೂ ನೋಡಿದಳು. ಅದರಿಂದ ಏನೂ ಸಾಬೀತಾಗಲಿಲ್ಲ. ಅಲ್ಲಿ ತಿಂದವರು ಇಲ್ಲೂ ತಿನ್ನುತ್ತಾರೆ, ಅಲ್ಲಿ ತಿನ್ನದವರೂ ಇಲ್ಲಿ ತಿನ್ನುತ್ತಾರೆ. ತನ್ನ ಸುಳ್ಳನ್ನು ಅರಿತೇ ಅವರು ತನ್ನ ಬಗ್ಗೆ ಒಳ್ಳೆಯದನ್ನೇ ಊಹಿಸಿದರೋ, ಅಥವಾ ತಮ್ಮ ಗುಟ್ಟು ಉಳಿಸಿಕೊಂಡರೋ?

ಬೇರೆಯವರಿಗೆ ಬಡಿಸಿ ತಾನೊಬ್ಬಳೇ ತಪ್ಪಿಸಿಕೊಳ್ಳುವುದು ಸರಿಯೆನಿಸಲಿಲ್ಲ. ಹೆಂಗಸರ ಕಡೆ ಹೋಗಿ ತಮಾರೊಳ ಪಕ್ಕ ಕೂತು ಒಂದು ತುತ್ತು ಬಾಯಿಗಿಟ್ಟಳು. ಇದು ನಂಬಿಕೆಯೋ, ಬರೀ ಹೆದರಿಕೆಯೋ ಎಂದು ಅಗಿಯುತ್ತಲೇ ಯೋಚಿಸಿದಳು. ತಿಳಿಯಲಿಲ್ಲ. ನುಂಗಿದಳು.