ಸುಂಕಪ್ಪನ ಕಾಲು, ಅಜ್ಜಯ್ಯನ ಹೆಸರು

ಕೊಟ್ಟೂರಿನ ಶೇಂಗಾ ಮಿಲ್ಲಿನಲ್ಲಿ ಸುಂಕಪ್ಪನ ಬೆನ್ನು ಮೂಟೆಗೆ, ತೊಡೆ ಕಬಡ್ಡಿಗೆ. ಎರಡೂ ಸಾವ್ಕಾರ ಮರುಳಪ್ಪನವರ ಆಸ್ತಿ. ಟೂರ್ನಮೆಂಟಿನ ದಿನ ಅವನು ಮೂಟೆ ಹೊರುವಂತಿರಲಿಲ್ಲ. ಆದರೂ ಹಮಾಲಿ ಕೂಲಿ ಸಿಗುತ್ತಿತ್ತು, ಮೇಲೆ ಎರಡು ಮೊಟ್ಟೆ. ಆ ಸೀಮೆಯಲ್ಲಿ ಆಡಿದ್ದಕ್ಕೆ ಕೂಲಿ ಪಡೆದ ಮೊದಲ ಗಂಡಸು ಅವನೇ. ಷರತ್ತು ಒಂದೇ: ಅಂಕಣಕ್ಕೆ ಇಳಿದರೆ ಅವನ ಹೆಸರು ಅಜ್ಜಯ್ಯ.

ಅಜ್ಜಯ್ಯ ಸಾವ್ಕಾರರ ಮಗ. ಮಾಳಿಗೆ ಮೆಟ್ಟಿಲು ಹತ್ತಿದರೇ ಏದುಸಿರು ಬಿಡುವ ಪೈಲ್ವಾನ.

"ಕೇರಿ ಹುಡುಗ ಅಂತ ಗೊತ್ತಾದ್ರ ಹರಪನಹಳ್ಳಿಯವ್ರು ನಿನ್ನ ಕಾಲು ಹಿಡಿತಾರೇನಲೇ?" ಎಂದಿದ್ದರು ಸಾವ್ಕಾರರು. "ಹೆಸರು ನಮ್ಮ ಹುಡುಗಂದಿರ್ಲಿ. ಹೆಸರಿಗೇನು ತೂಕ ಐತಿ, ಹೊರಾಕ ಭಾರ ಆಗಾಕ?"

ಹಂಗಾಗಿ ಕೊಟ್ಟೂರಲ್ಲಿ ಮಾತ್ರ ಆಟವಿಲ್ಲ, ಊರವರು ಮುಖ ಗುರುತಿಸುತ್ತಾರೆ. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಯ ಮೈಕುಗಳಲ್ಲೆಲ್ಲ ಒಂದೇ ಕೂಗು: "ಅಜ್ಜಯ್ಯ! ಅಜ್ಜಯ್ಯ!" ಗೆದ್ದ ಢಾಲು ಲಾರಿಯ ಮುಂದೆ, ಸುಂಕಪ್ಪ ಹಿಂದೆ ಖಾಲಿ ಚೀಲಗಳ ಮೇಲೆ. ಜೊತೆಗೆ ಆಡಿದ ಸಾವ್ಕಾರರ ಅಳಿಯಂದಿರು ಮನೆಗೆ ಹೋಗಿ ಸ್ನಾನ ಮಾಡುತ್ತಿದ್ದರು. ಗೆಲುವಿಗಿಲ್ಲದ ಮೈಲಿಗೆ, ಗೆದ್ದವನಿಗಿತ್ತು.

ಎಪ್ಪತ್ತೆಂಟರಲ್ಲಿ ಹಡಗಲಿಯ ಫೈನಲ್. ಹರಪನಹಳ್ಳಿಯ ಮೂವರು ಮೇಲೆ ಬಿದ್ದರು. ಸುಂಕಪ್ಪನ ಮೊಣಕಾಲು ಲಟಕ್ಕೆಂದಿತು. ಢಾಲು ಬಂತು, ಕಾಲು ಹೋಯಿತು.

"ಸಾವ್ಕಾರ್ರೆ, ಬಳ್ಳಾರಿ ದವಾಖಾನಿಗೆ ಒಯ್ರಿ. ಕಾಲು ಮುರದೈತಿ," ಎಂದ ಸಾವ್ಕಾರರ ಅಂಗಳದಲ್ಲಿ ಬಿದ್ದುಕೊಂಡಿದ್ದ ಸುಂಕಪ್ಪ.

"ಯಾರ ಕಾಲು?"

"ನಂದ್ರಿ."

"ಮೈಕಿನ್ಯಾಗ ಏನಂದ್ರು? ಅಜ್ಜಯ್ಯ ಬಿದ್ದ ಅಂದ್ರು. ಏ ಅಜ್ಜಯ್ಯ, ಬಾರಪಾ ಇಲ್ಲಿ. ಸ್ವಲ್ಪ ನಡದು ತೋರ್ಸು."

ಅಜ್ಜಯ್ಯ ಅಂಗಳದಲ್ಲಿ ನಡೆದು ತೋರಿಸಿದ.

"ನೆಟ್ಟಗದಾವಲ್ಲಲೇ ಕಾಲು! ನೀನು ಯಾವ ಹಡಗಲಿ ಕಂಡಿ? ಮೂಟಿ ಹೊರಾಕ ಆಗದವ್ನು ನಾಳಿಂದ ಬರಬ್ಯಾಡ."

ಹೆಂಡತಿ ಹಂಪಮ್ಮ ಬಿದಿರ ದಬ್ಬೆ ಇಟ್ಟು ಕಾಲು ಕಟ್ಟಿದಳು. ಮೂರು ತಿಂಗಳಿಗೆ ಕಾಲು ಕೂಡಿತು, ಸೊಟ್ಟಗೆ. ಸುಂಕಪ್ಪ ಗೋಡೆ ನೋಡುತ್ತ ಮಲಗಿದ.

"ನನ್ನ ಹೆಸರು ನುಂಗಿದ್ರಲ್ಲೇ."

"ನಿನ್ನ ಹೆಸರು ನುಂಗಿದ್ರು, ಖರೆ. ಆದ್ರ ಅವ್ರ ಹೆಸರು ಇನ್ನೂ ನಿನ್ನ ಬಾಯಾಗ ಐತಿ," ಎಂದಳು ಹಂಪಮ್ಮ. "ಅಗೀಬಾರ್ದಾ?"

ಸುಂಕಪ್ಪ ಎದ್ದು ಕೂತ.

ಮುಂದಿನ ವಾರ ಕುಂಟುತ್ತಲೇ ಹರಪನಹಳ್ಳಿ ಬಸ್ಸು ಹತ್ತಿದ. ಅಲ್ಲಿನ ತಂಡದ ಕ್ಯಾಪ್ಟನ್ ಮಂಜಣ್ಣ ಬಾಗಿಲಿಗೆ ಬಂದು ತಬ್ಬಿಕೊಂಡ. "ಬಾರೋ ಅಜ್ಜಯ್ಯ! ಕಾಲು ಹೆಂಗೈತೋ?" ಒಳಗೆ ಚಾಪೆ ಹಾಕಿ, ಪಿಂಗಾಣಿ ಕಪ್ಪಿನಲ್ಲಿ ಚಾ ಕೊಟ್ಟ.

"ಪಂಚಮಿ ಮರುದಿನ ನಮ್ಮೂರಿಗೆ ಬರ್ರಿ," ಎಂದ ಸುಂಕಪ್ಪ. "ನಮ್ಮಪ್ಪಾರ ಮಿಲ್ಲಿನ ಮುಂದ ಆಡಾನು. ಅಜ್ಜಯ್ಯನ ಸವಾಲು ಅಂತ ಡಂಗುರ ಹೊಡಸ್ರಿ."

ಹೊಡೆಸಿದರು. ಲಾರಿ ತುಂಬ ಬಂದಿಳಿದರು. ಮಿಲ್ಲಿನ ಕಣದ ಸುತ್ತ ಇಡೀ ಕೊಟ್ಟೂರು ನೆರೆಯಿತು. ಕುರ್ಚಿಯಲ್ಲಿ ಕೂತಿದ್ದ ಸಾವ್ಕಾರರ ಮುಖ ಹಿಂಡಿದ ಶೇಂಗಾ ಹಿಂಡಿಯಾಯಿತು.

"ಅಜ್ಜಯ್ಯಗ ಮೈಯಾಗ ಹುಷಾರಿಲ್ಲ. ಜ್ವರ."

"ಎಲ್ಲೈತ್ರಿ ಜ್ವರ? ಅಗಾ ಬಂದ್ನಲ್ಲ!" ಎಂದು ಮಂಜಣ್ಣ ಓಡಿಹೋಗಿ, ಹಮಾಲರ ನಡುವಿನಿಂದ ಕುಂಟುತ್ತ ಬರುತ್ತಿದ್ದ ಸುಂಕಪ್ಪನನ್ನು ಎದೆಗವಚಿಕೊಂಡ.

ಗುಂಪಿನಿಂದ ಯಾರೋ ಕೂಗಿದರು: "ಏ, ಅವ ಕೇರಿ ಸುಂಕ! ಮಿಲ್ ಹಮಾಲಿ!"

ಮಂಜಣ್ಣನ ಕೈಗಳು ಸಡಿಲಾದವು. "ಲೇ... ಇವನ ತೊಡಿ ತಬ್ಕಂಡು ಬಿದ್ದೀವಲ್ಲಲೇ ನಾವು!"

"ಮನಿಯಾಗ ಚಾನೂ ಕೊಟ್ಟೀರಿ," ಎಂದ ಸುಂಕಪ್ಪ. "ಕಪ್ಪು ಒಡದು ಬಿಸಾಕಬಹುದು. ತಬ್ಕಂಡ ಮೈ ಎಲ್ಲಿ ಬಿಸಾಕ್ತೀರಿ? ಬರ್ರಿ, ಆಡಾಕ ಬಂದೀರಿ, ಆಡ್ರಿ."

ಹಮಾಲಿ ಪಕ್ಕೀರಪ್ಪ ರುಮಾಲು ಬಿಸಾಡಿ ಅಂಕಣಕ್ಕೆ ಹಾರಿದ. ಹಿಂದೆ ಐವರು ಹಮಾಲರು. ಆಡದೆ ಹೋದರೆ ಸೋತಂತೆ. ಹರಪನಹಳ್ಳಿಯ ಏಳು ಮಂದಿ ಮುಖ ಮುಖ ನೋಡಿಕೊಂಡು ನಿಂತರು. ರೆಫ್ರಿಯಾಗಿ ಬಂದಿದ್ದ ಕೂಡ್ಲಿಗಿಯ ಡ್ರಿಲ್ ಮೇಷ್ಟ್ರು ಸೀಟಿ ಊದಿದರು.

"ಕಬಡ್ಡಿ, ಕಬಡ್ಡಿ, ಕಬಡ್ಡಿ..."

ಸುಂಕಪ್ಪ ಸೊಟ್ಟಗಾಲು ಎಳೆದುಕೊಂಡು ಗೆರೆ ದಾಟಿದ. ಕೈ ಚಾಚಿದ. ಮೊದಲಿನವನು ಹಿಂದೆ ಸರಿದ. ಎರಡನೆಯವನೂ ಸರಿದ. ಒಬ್ಬನೇ ಹುಡುಗ ಹಿಡಿದರೆ ಬೀಳುವಂಥ ಕಾಲು. ಹಿಡಿಯುವವರಿಲ್ಲ. ಮುಟ್ಟಬಾರದು, ಮುಟ್ಟಿಸಿಕೊಳ್ಳಬಾರದು ಎಂದು ಆರು ಮಂದಿ ಹಿಂದೆ ಹಿಂದೆ ಹೋಗಿ ಅಂಕಣದ ಹೊರಗೆರೆ ದಾಟಿದರು. ಕೊನೆಗೆ ಮಂಜಣ್ಣ ಒಬ್ಬ ಉಳಿದ. ತನ್ನ ಎರಡು ಕೈ ನೋಡಿಕೊಂಡ. ಅವನೂ ಹೊರಗೆರೆಯಾಚೆ ಒಂದು ಹೆಜ್ಜೆ ಹಿಂದಿಟ್ಟ.

ಸೀಟಿ. "ಗೆರಿ ದಾಟೀರಿ! ಏಳೂ ಮಂದಿ ಔಟು!"

ಯಾರನ್ನೂ ಮುಟ್ಟದೆ ಗೆದ್ದಿದ್ದ ಸುಂಕಪ್ಪ. ಮೈಕಿನವನು ಸಾವ್ಕಾರರ ಕಡೆ ನೋಡಿದ. "ಯಾರ ಹೆಸರು ಹೇಳ್ಲಿರಿ?"

ಗುಂಪು ಸೀಳಿ ಬಂದ ಹಂಪಮ್ಮ ಮೈಕು ಕಿತ್ತುಕೊಂಡಳು. "ಸುಂಕಪ್ಪ!"

"ಸುಂಕಪ್ಪ!" ಎಂದಿತು ಹಮಾಲರ ಸಾಲು. "ಸುಂಕಪ್ಪ!"

ಸುಂಕಪ್ಪ ತನ್ನ ಗೆರೆಗೆ ಮರಳಲಿಲ್ಲ. ಉಸಿರನ್ನೂ ಬಿಟ್ಟಿರಲಿಲ್ಲ. ಕಾಲು ಎಳೆಯುತ್ತ, ಕೈ ಚಾಚಿ, ಅಂಕಣದ ಗೆರೆ ದಾಟಿ ಸಾವ್ಕಾರರ ಕುರ್ಚಿಯ ಕಡೆ ನಡೆದ. "ಕಬಡ್ಡಿ, ಕಬಡ್ಡಿ, ಕಬಡ್ಡಿ..."

ಹಮಾಲರೂ ಹಿಂದೆ ಬಂದರು. ಸಾವ್ಕಾರರು ಎದ್ದು ಹಿಂದೆ ಸರಿದರು. ಹಿಂದೆ ಮಿಲ್ಲಿನ ಗೋಡೆ ಇತ್ತು.